ನೀರು ಹುಯ್ಯುವ ಮುನ್ನ ಗಾಳಿ ನೋಡಿ ಸ್ವಾಮಿ!

ಹದಿನಾರು ದಾರಿಯಲ್ಲಿ ಹುರುಳಿ ಸೊಪ್ಪಿಗೂ ಸ್ಪೋರ್ಟ್ಸ್ ಕಾರಿಗೂ ಬೀಳುವ ಗಂಟು

ಸಂಕ್ರಾಂತಿ ಹತ್ತಿರ ಬಂತೆಂದರೆ ಹದಿನಾರು ಕೆರೆಗೆ ನೆಂಟರು ಬರುತ್ತಾರೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಹೊತ್ತ ಹೆಬ್ಬಾತುಗಳು. ಹಿಮಾಲಯದ ಆಚೆಯಿಂದ ಹಾರಿ ಬಂದು ನಂಜನಗೂಡು ತಾಲ್ಲೂಕಿನ ಈ ನೀರಿಗೆ ಇಳಿಯುವ ಹಕ್ಕಿ. ಅವುಗಳನ್ನು ನೋಡಲು ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಪಟ್ಟಣದವರು ಬರುತ್ತಾರೆ. ಅದೇ ವೇಳೆಗೆ ಸುತ್ತಮುತ್ತಲ ಡಾಂಬರು ರಸ್ತೆಯ ಮೇಲೂ ಒಂದು ವಸ್ತು ಇಳಿದಿರುತ್ತದೆ. ಅದು ಹುರುಳಿ.

ನಂಜನಗೂಡು, ತಿ. ನರಸೀಪುರ ಬಸ್ಸುಗಳಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿತ್ತು ಒಣಗಿಸಿದ ಹುರುಳಿ ಗಿಡವನ್ನು ರಸ್ತೆಗೆ ಹಾಸುತ್ತಾರೆ. ಬರೋ ಹೋಗೋ ವಾಹನದ ಚಕ್ರವೇ ರೋಣುಗಲ್ಲು. ಸಂಜೆ ಹೊತ್ತಿಗೆ ಸೊಪ್ಪು ಕೊಡವಿ, ಕಾಳು ಗುಡಿಸಿ, ಮೂಟೆ ಕಟ್ಟಿದರೆ ಒಕ್ಕಣೆ ಮುಗಿಯಿತು. ಬಸ್ಸು, ಲಾರಿ, ಟ್ರ್ಯಾಕ್ಟರು ಎತ್ತರದ ಗಾಡಿಗಳು, ಸೊಪ್ಪಿನ ಮೇಲೆ ಹಾಯಾಗಿ ಹೋಗುತ್ತವೆ. ಆದರೆ ನೆಲಕ್ಕೂ ಹೊಟ್ಟೆಗೂ ಅರ್ಧ ಗೇಣು ಅಂತರವಿರುವ ಸ್ಪೋರ್ಟ್ಸ್ ಕಾರು ಬಂದರೆ?

ಇಂಥ ಕಾರಿಗೆ ಈ ಕಡೆ ಏನು ಕೆಲಸ ಅಂತ ಕೇಳಬೇಡಿ. ಬೆಂಗಳೂರಿನಿಂದ ಊಟಿಗೆ ಹೋಗುವ ಹೆದ್ದಾರಿ ನಂಜನಗೂಡಿನ ಮೇಲೆಯೇ ಹಾಯುತ್ತದೆ. 2009ರಲ್ಲಿ ಬಂಡೀಪುರ ಕಾಡಿನೊಳಗೆ ರಾತ್ರಿ ಸಂಚಾರ ನಿಂತ ಮೇಲೆ, ಗೇಟು ಬೀಳುವ ಮುಂಚೆ ದಾಟಬೇಕೆಂಬ ಆತುರವೂ ಸೇರಿತು. ದಾರಿಯಲ್ಲಿ ಹಕ್ಕಿ ನೋಡಿಕೊಂಡು ಹೋಗೋಣ ಅಂತ ಹದಿನಾರಿನ ಕಡೆ ತಿರುಗುವವರೂ ಉಂಟು. 1399ರಲ್ಲಿ ಯದುರಾಯರು ಬಂದು ಮೈಸೂರು ಅರಸು ಮನೆತನಕ್ಕೆ ಬುನಾದಿ ಹಾಕಿದ ಹದಿನಾಡು ಇದೇ ಊರು ಎಂಬ ಮಾತಿದೆ. ಅದು ಕುದುರೆಗಳ ಕಾಲ. ಈಗ ಮುನ್ನೂರು ಕುದುರೆಯ ಬಲವನ್ನು ಒಂದೇ ಬಾನೆಟ್ಟಿನಡಿ ಕಟ್ಟಿಕೊಂಡು ಬರುವವರ ಕಾಲ. ಕುದುರೆ ಹೆಚ್ಚಾದಷ್ಟೂ ಬಿಸಿಯೂ ಹೆಚ್ಚು. ಆ ಬಿಸಿಯನ್ನು ಹೊರಹಾಕುವ ಕೆಲಸ ರೇಡಿಯೇಟರಿನದು, ಅದರ ಬೆನ್ನಿಗೆ ನಿಂತ ಫ್ಯಾನಿನದು.

ಒಂದು ಕೆಂಪು ಕಾರು ಈ ದಾರಿಯಲ್ಲಿ ಬಂತು ಅಂತಿಟ್ಟುಕೊಳ್ಳಿ. ಎರಡು ಮೂರು ಕಡೆ ಹುರುಳಿ ತುಳಿದು, ನಾಲ್ಕಾರು ಹಂಪಿಗೆ ಹೊಟ್ಟೆ ಉಜ್ಜಿಕೊಂಡು ಊರಿನ ಹತ್ತಿರ ತಲುಪಿತು. ಅಲ್ಲಿ ಬಾನೆಟ್ಟಿನ ಸಂದಿಯಿಂದ ಬೆಳ್ಳಗೆ ಆವಿ ಎದ್ದಿತು. ಮುಳ್ಳು ಕೆಂಪು ಗೆರೆಗೆ ಬಡಿಯಿತು. ಗಾಡಿ ನಿಂತಿತು. ಮುಂದೆ ಆಗುವುದೇನು?

ನೀರು ತನ್ನಿ, ನೀರು!

ಮೊದಲು ಆಗುವುದು ಜನ ಸೇರುವುದು. ಟೀ ಅಂಗಡಿಯವರು ಬಿಂದಿಗೆ ಎತ್ತಿಕೊಂಡು ಬರುತ್ತಾರೆ. "ಇರಿ ಸಾ, ನೀರ್ ಹುಯ್ಯವ, ತಣ್ಣಗಾಯ್ತದೆ." ಒಳ್ಳೆ ಮನಸ್ಸು. ಆದರೆ ಅಪಾಯ ಇರುವುದೇ ಅಲ್ಲಿ.

ರೇಡಿಯೇಟರು ಎಂದರೆ ಮುಚ್ಚಿದ ಪ್ರೆಶರ್ ಕುಕ್ಕರ್ ಇದ್ದಂತೆ. ಬಯಲಲ್ಲಿ ಇಟ್ಟ ನೀರು ನಮ್ಮ ಕಡೆ ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಸಮುದ್ರ ಮಟ್ಟದಿಂದ 2,200 ಮೀಟರಿಗೂ ಎತ್ತರದ ಊಟಿಯಲ್ಲಿ 93ರ ಒಳಗೇ ಕುದಿಯುತ್ತದೆ. ಇಂಜಿನ್ನು ಕೆಲಸ ಮಾಡುವುದೇ ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ. ಹಾಗಾಗಿ ನೀರು ಕುದಿಯದೆ ಇರಲೆಂದು ಒತ್ತಡ ಹಿಡಿಯುವ ಮುಚ್ಚಳ ಹಾಕಿರುತ್ತಾರೆ. ಆ ಒತ್ತಡದಲ್ಲಿ ನೀರು 115-120 ಡಿಗ್ರಿವರೆಗೂ ಕುದಿಯದೆ ತಡೆದುಕೊಳ್ಳುತ್ತದೆ. ಕಾದ ಹೊತ್ತಿನಲ್ಲಿ ಮುಚ್ಚಳ ತಿರುಗಿಸಿದಿರೋ, ಒತ್ತಡ ಒಮ್ಮೆಲೇ ಬಿಟ್ಟು ಹೋಗಿ ಕುದಿನೀರೂ ಆವಿಯೂ ಮುಖಕ್ಕೇ ಚಿಮ್ಮುತ್ತವೆ. ಸೀಟಿ ಹೊಡೆಯುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾವ ಗೃಹಿಣಿಯೂ ತೆಗೆಯುವುದಿಲ್ಲ. ರಸ್ತೆ ಬದಿಯ ಗಂಡಸರಿಗೆ ಮಾತ್ರ ಆ ಬುದ್ಧಿ ಬರುವುದಿಲ್ಲ!

ಅಕಸ್ಮಾತ್ ಯಾರಿಗಾದರೂ ಸುಟ್ಟರೆ ಟೂತ್‌ಪೇಸ್ಟು, ಇಂಕು, ಅರಿಶಿನ ಏನೂ ಬಳಿಯಬೇಡಿ. ತಣ್ಣನೆ ನೀರನ್ನು ಇಪ್ಪತ್ತು ನಿಮಿಷ ಸುರಿಯುತ್ತಿರಿ, ಆಮೇಲೆ ಆಸ್ಪತ್ರೆಗೆ. ಬಿಂದಿಗೆ ನೀರು ಬೇಕಾಗುವುದು ಅಲ್ಲಿಗೆ, ಕಾದ ಇಂಜಿನ್ನಿಗಲ್ಲ. ಕಾದ ಇಂಜಿನ್ನಿಗೆ ತಣ್ಣೀರು ಹುಯ್ದರೆ ಹೆಡ್ಡು ಬಿರುಕು ಬಿಡಬಹುದು. ಅಲ್ಲಿಗೆ ಚಿಲ್ಲರೆ ಖರ್ಚು ಲಕ್ಷಕ್ಕೆ ಏರಿತು.

ಮೂಗಿಗೂ ಕೆಲಸ ಕೊಡಿ. ಬಿಳಿ ಆವಿ, ಸಿಹಿ ವಾಸನೆ ಬಂದರೆ ಅದು ಕೂಲೆಂಟು. ಬೂದು ಹೊಗೆ, ಸುಟ್ಟ ಹುಲ್ಲಿನ ವಾಸನೆ ಬಂದರೆ ಅದು ಸೊಪ್ಪು ಹೊತ್ತುವ ಸೂಚನೆ. ಸೈಲೆನ್ಸರಿನ ಕೊಳವೆ ನೂರಾರು ಡಿಗ್ರಿ ಕಾದಿರುತ್ತದೆ. ಒಣ ಹುರುಳಿ ಸೊಪ್ಪು ಅದಕ್ಕೆ ಸುತ್ತಿಕೊಂಡು ಕಾರೇ ಹೊತ್ತಿ ಉರಿದ ಸುದ್ದಿಗಳು ಈ ಭಾಗದ ಪತ್ರಿಕೆಗಳಲ್ಲಿ ಬಂದಿವೆ. ಹಾಗೆ ವಾಸನೆ ಬಂದರೆ ಸೊಪ್ಪಿಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸಿ, ಕೀ ಆಫ್ ಮಾಡಿ, ಒಳಗಿರುವವರೆಲ್ಲ ಇಳಿದು ದೂರ ಹೋಗಬೇಕು. ಬೆಂಕಿ ಕಂಡರೆ ಬಾನೆಟ್ಟು ಅಗಲಕ್ಕೆ ತೆರೆಯಬಾರದು, ಗಾಳಿ ನುಗ್ಗಿ ಉರಿ ಹೆಚ್ಚುತ್ತದೆ.

ಓಡುವಾಗಲೋ, ನಿಂತಾಗಲೋ?

ನಮ್ಮ ಕೆಂಪು ಕಾರಿನಿಂದ ಬರುತ್ತಿರುವುದು ಆವಿ, ಹೊಗೆಯಲ್ಲ. ಅಷ್ಟರಲ್ಲಿ ಊರಿನ ಮೆಕ್ಯಾನಿಕ್ಕು ಬಂದ. ಬಂದವನೇ, "ಮುಚ್ಳ ಯಾರೂ ಮುಟ್ಬ್ಯಾಡಿ, ಮುಖ ಬೆಂದೋಯ್ತದೆ" ಅಂದ. ಆಮೇಲೆ ಕಾರಿನವನಿಗೆ ಒಂದೇ ಪ್ರಶ್ನೆ.

"ಸಾ, ಓಡ್ತಾ ಇದ್ದಾಗ ಕಾಯ್ತಾ, ನಿಧಾನ ಮಾಡ್ದಾಗ ಕಾಯ್ತಾ?"

"ಹೈವೇಲಿ ಏನೂ ಇರ್ಲಿಲ್ಲ ಅಣ್ಣ. ಊರ ಹತ್ರ ನಿಧಾನ ಮಾಡಿದ್ಮೇಲೆ ಮುಳ್ಳು ಮೇಲಕ್ಕೆ ಹೋಯ್ತು."

"ಹಂಗಾದ್ರೆ ನೀರಿಂದಲ್ಲ ಮೊದ್ಲು ನೋಡ್ಬೇಕಾದ್ದು, ಗಾಳೀದು."

ಇಡೀ ವಿದ್ಯೆ ಇರುವುದು ಈ ಪ್ರಶ್ನೆಯಲ್ಲೇ. ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿನ ರೇಡಿಯೇಟರಿಗೆ ಗಾಳಿ ತಾನಾಗಿ ನುಗ್ಗುತ್ತದೆ, ಫ್ಯಾನು ಸುಮ್ಮನಿದ್ದರೂ ನಡೆಯುತ್ತದೆ. ವೇಗ ಇಳಿದಾಗ, ಜಾತ್ರೆಯ ಜನಸಂದಣಿಯಲ್ಲಿ ಸಿಕ್ಕಾಗ, ರೈಲ್ವೆ ಗೇಟಿನಲ್ಲಿ ಕಾಯುವಾಗ ಆ ಗಾಳಿ ಇಲ್ಲ. ಆಗ ಎಳೆಯುವವನು ಫ್ಯಾನು ಒಬ್ಬನೇ. ಆದ್ದರಿಂದ ನಿಂತಾಗ ಕಾದು, ಓಡಿದಾಗ ತಣ್ಣಗಾದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಓಡುವಾಗ, ಅದರಲ್ಲೂ ಘಟ್ಟ ಹತ್ತುವಾಗ ಕಾದರೆ ಅನುಮಾನ ನೀರಿನ ಓಟದ ಮೇಲೆ. ಯಾವಾಗ ನೋಡಿದರೂ ಕಾದರೆ ನೀರೇ ಸಾಲದು, ಇಲ್ಲವೇ ಇಂಜಿನ್ನಿನೊಳಗೇ ಕೇಡು.

ಇದನ್ನು ಕೇಳದೆ ಕೈಹಾಕುವವರಿಂದಲೇ ಕಾರಿನವರ ಜೇಬು ಹರಿಯುವುದು. ಒಬ್ಬ ಥರ್ಮೋಸ್ಟಾಟ್ ಕಿತ್ತು ಬಿಸಾಡುತ್ತಾನೆ. ಇನ್ನೊಬ್ಬ ರೇಡಿಯೇಟರು ಬದಲಾಯಿಸು ಅನ್ನುತ್ತಾನೆ. ಮೂರನೆಯವನು ಹೆಡ್ಡು ಬಿಚ್ಚಬೇಕು ಅನ್ನುತ್ತಾನೆ. ಕಾಯಿಲೆ ಮಾತ್ರ ಇದ್ದಲ್ಲೇ ಇರುತ್ತದೆ.

ಅಂಬಾಸಿಡರ್ ಕಾಲದ ಫ್ಯಾನಲ್ಲ ಇದು

ಹಳೇ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಫ್ಯಾನು ಬೆಲ್ಟಿನಿಂದ ತಿರುಗುತ್ತಿತ್ತು. ಇಂಜಿನ್ನು ತಿರುಗಿದರೆ ಫ್ಯಾನೂ ತಿರುಗಿತು. ಬೆಲ್ಟು ಹರಿದರೆ ಕಣ್ಣಿಗೇ ಕಾಣುತ್ತಿತ್ತು. 1983ರ ಕೊನೆಯಲ್ಲಿ ಮಾರುತಿ 800 ಬಂತು. ಅದರ ಇಂಜಿನ್ನು ಅಡ್ಡಕ್ಕೆ ಕೂತಿತ್ತು, ಮುಂದಿನ ರೇಡಿಯೇಟರಿನ ಫ್ಯಾನಿಗೆ ಬೆಲ್ಟು ಎಳೆಯುವ ಹಾಗಿಲ್ಲ. ಕರೆಂಟಿನ ಫ್ಯಾನು ಊರೂರಿಗೆ ಬಂತು. ಇಂದಿನ ಸ್ಪೋರ್ಟ್ಸ್ ಕಾರಿನಲ್ಲೂ ಅದೇ. ನೀರು ಸುಮಾರು 95 ಡಿಗ್ರಿ ಆಸುಪಾಸು ಮುಟ್ಟಿದಾಗ ಹೊತ್ತಿಕೊಂಡು, ತಣ್ಣಗಾದಾಗ ನಿಲ್ಲುತ್ತದೆ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಿಗೆ ಈ ರಗಳೆಯೇ ಇರಲಿಲ್ಲ, ಬೀಸುವ ಗಾಳಿಯೇ ಅವಕ್ಕೆ ರೇಡಿಯೇಟರು. ಜರ್ಮನಿಯ ಪೋರ್ಷೆ 911 ಸ್ಪೋರ್ಟ್ಸ್ ಕಾರು ಕೂಡ 1990ರ ದಶಕದ ಕೊನೆಯವರೆಗೆ ನೀರಿಲ್ಲದೆ ಗಾಳಿಯಿಂದಲೇ ತಂಪಾಗುತ್ತಿತ್ತು. ಅದಕ್ಕೂ ಇಂಜಿನ್ನಿನ ಮೇಲೆ ದೊಡ್ಡದೊಂದು ಫ್ಯಾನು ಬೇಕೇ ಬೇಕಿತ್ತು.

ಕರೆಂಟಿನ ಫ್ಯಾನಿನಲ್ಲಿ ಒಂದು ಮೋಸವಿದೆ. ಇಂಜಿನ್ನು ನಿಲ್ಲಿಸಿ ಕೀ ತೆಗೆದ ಮೇಲೂ ಅದು ತಾನಾಗಿ ತಿರುಗಬಹುದು. ಬಾನೆಟ್ಟಿನೊಳಗೆ ಬೆರಳಿಟ್ಟ ಗ್ಯಾರೇಜಿನ ಹುಡುಗನಿಗೆ ಗೊತ್ತಾಗುವಷ್ಟರಲ್ಲಿ ಬೆರಳು ಹೋಗಿರುತ್ತದೆ. ಬ್ಯಾಟರಿಯ ವೈರು ಬಿಚ್ಚದೆ ಫ್ಯಾನಿಗೆ ಕೈ ಹಾಕಬಾರದು. ಇದು ಮೊದಲ ಪಾಠ.

ಚಿಲ್ಲರೆ ಕಾಸಿನ ಫ್ಯೂಸು ಹೇಳುವ ಕಥೆ

ಅರ್ಧ ಗಂಟೆ ಬಿಟ್ಟು, ಇಂಜಿನ್ನು ತಣ್ಣಗಾದ ಮೇಲೆ ನಮ್ಮ ಮೆಕ್ಯಾನಿಕ್ಕು ಕೀ ತಿರುಗಿಸಿ ಎ.ಸಿ. ಹಾಕಿಸಿದ. ಹೆಚ್ಚಿನ ಕಾರುಗಳಲ್ಲಿ ಎ.ಸಿ. ಹಾಕಿದರೆ ರೇಡಿಯೇಟರ್ ಫ್ಯಾನು ತಿರುಗಲೇಬೇಕು. ಇಲ್ಲಿ ಸದ್ದೇ ಇಲ್ಲ. ಇಂಜಿನ್ನು ಮತ್ತೆ ಆಫ್. ಫ್ಯೂಸ್ ಪೆಟ್ಟಿಗೆ ತೆಗೆದು ನೋಡಿದರೆ ಫ್ಯಾನಿನ ಫ್ಯೂಸು ಸುಟ್ಟಿದೆ.

"ಅಷ್ಟೇನಾ? ಬೇರೆ ಹಾಕಿ ಅಣ್ಣ, ಹೊತ್ತಾಯ್ತು!"

ಇಲ್ಲೇ ಜಾಣನೂ ಅರ್ಧ ಕಲಿತವನೂ ಬೇರೆ ಬೇರೆಯಾಗುವುದು. ಫ್ಯೂಸು ಕಾಯಿಲೆಯಲ್ಲ, ಕಾಯಿಲೆಯ ಚೀಟಿ. ಅದು ಯಾಕೆ ಸುಟ್ಟಿತು? ಮೆಕ್ಯಾನಿಕ್ಕು ಬ್ಯಾಟರಿ ವೈರು ಬಿಚ್ಚಿ, ಕಾರಿನಡಿ ತಲೆ ಹಾಕಿದ. ಹೊಟ್ಟೆಯ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಹಂಪಿಗೆ ಉಜ್ಜಿ ಹರಿದು ಜೋತು ಬಿದ್ದಿದೆ. ಆ ತೂತಿನಿಂದ ಹುರುಳಿ ಬಳ್ಳಿ ಮೇಲೇರಿ ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡು ಬಿಗಿದು ಹಿಡಿದಿದೆ. ತಿರುಗಲಾರದ ಮೋಟಾರು ಹೆಚ್ಚು ಕರೆಂಟು ಎಳೆಯಿತು. ಮೋಟಾರು ಸುಡದಿರಲೆಂದು ಫ್ಯೂಸು ತನ್ನ ಪ್ರಾಣ ಕೊಟ್ಟಿತು. ಮುಂದಿನ ಜಾಲರಿಯ ಮೇಲೂ ಸೊಪ್ಪು, ಹೊಟ್ಟು, ಹುಳ ಮೆತ್ತಿಕೊಂಡು ಗಾಳಿಗೆ ಬಾಗಿಲು ಮುಚ್ಚಿದೆ.

ಸೊಪ್ಪು ಬಿಡಿಸದೆ ಫ್ಯೂಸು ಹಾಕಿದರೆ ಅದೂ ಸುಡುತ್ತದೆ. ಫ್ಯೂಸು ಸಿಗಲಿಲ್ಲವೆಂದು ತಾಮ್ರದ ತಂತಿ ಬಿಗಿದರೆ ಸುಡುವುದು ಮೋಟಾರು, ಆಮೇಲೆ ವೈರಿಂಗು, ಆಮೇಲೆ ಕಾರು. ಮೂವತ್ತು ಆಂಪಿಯರಿನದು ಇದ್ದ ಕಡೆ ಮೂವತ್ತರದ್ದೇ ಇರಬೇಕು. ನಮ್ಮ ಮೆಕ್ಯಾನಿಕ್ಕು ಬಳ್ಳಿಯನ್ನೆಲ್ಲ ಕತ್ತರಿಸಿ ತೆಗೆದ. ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಿದ, ಸಲೀಸಾಗಿ ತಿರುಗಿತು. ಆಮೇಲೆ ಹೊಸ ಫ್ಯೂಸು, ಆಮೇಲೆ ಬ್ಯಾಟರಿ. ಎ.ಸಿ. ಹಾಕಿದರೆ ಭರ್ ಅಂತ ಫ್ಯಾನು ಎದ್ದಿತು.

ಕೊನೆಗೊಂದು ಕರವಸ್ತ್ರದ ಪರೀಕ್ಷೆ. ಮುಂದಿನ ಜಾಲರಿಗೆ ಬಟ್ಟೆ ಹಿಡಿದರೆ ಒಳಕ್ಕೆ ಎಳೆದು ಅಂಟಿಕೊಳ್ಳಬೇಕು. ಆಚೆಗೆ ತಳ್ಳಿದರೆ ಫ್ಯಾನು ಉಲ್ಟಾ ತಿರುಗುತ್ತಿದೆ ಎಂದರ್ಥ. ಮೋಟಾರು ಬದಲಾಯಿಸುವಾಗ ಎರಡು ವೈರು ಅದಲುಬದಲಾದರೆ ಹೀಗಾಗುತ್ತದೆ. ತಿರುಗುವ ಫ್ಯಾನನ್ನು ನೋಡಿ ಎಲ್ಲ ಸರಿ ಅಂದುಕೊಂಡವರು ತಿಂಗಳುಗಟ್ಟಲೆ ಅಲೆಯುತ್ತಾರೆ.

ಫ್ಯೂಸು ಸರಿಯಿದ್ದೂ ತಿರುಗದಿದ್ದರೆ? ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟು ನೋಡಬೇಕು. ತಿರುಗದಿದ್ದರೆ ಮೋಟಾರು ಸತ್ತಿದೆ. ತಿರುಗಿದರೆ ಮೋಟಾರು ಚೆನ್ನಾಗಿದೆ, ಕಳ್ಳ ಹಿಂದೆ ಇದ್ದಾನೆ: ರಿಲೇ, ವೈರು, ಅರ್ತು ಅಥವಾ ಬಿಸಿ ತಿಳಿಸುವ ಸೆನ್ಸರು. ಅದೇ ನಂಬರಿನ ರಿಲೇ ಹಾರ್ನಿಗೂ ಇದ್ದರೆ ಅದಲುಬದಲು ಮಾಡಿ ನೋಡಿದರೆ ಆಯಿತು, ಖರ್ಚಿಲ್ಲ. ಫ್ಯಾನು ಸೋತ ದನಿಯಲ್ಲಿ ನಿಧಾನ ತಿರುಗಿದರೆ ಅರ್ತಿನ ವೈರು ತುಕ್ಕು ಹಿಡಿದಿದೆಯೇ ನೋಡಿ. ಹಳೇ ಕಾರಿನಲ್ಲಿ ಸ್ವಿಚ್ಚಿನ ಎರಡು ವೈರು ಸೇರಿಸಿ ಫ್ಯಾನು ಪರೀಕ್ಷಿಸುತ್ತಿದ್ದರು. ಕಂಪ್ಯೂಟರು ಇರುವ ಈಗಿನ ಕಾರಿನಲ್ಲಿ ಆ ಆಟ ಬೇಡ.

ಫ್ಯಾನು ತಿರುಗಿದರೂ ಕಾಯುವ ಕಾರು

ಓಡುವಾಗ ಕಾಯುವ ಕಾರಿನ ಕಥೆ ಬೇರೆ. ಥರ್ಮೋಸ್ಟಾಟ್ ತೆರೆಯದಿರಬಹುದು. ನೀರೆತ್ತುವ ಪಂಪು ಸವೆದಿರಬಹುದು. ರೇಡಿಯೇಟರಿನ ಸಣ್ಣ ಕೊಳವೆಗಳು ಕಟ್ಟಿರಬಹುದು. ಇಂಜಿನ್ನು ಕಾದ ಮೇಲೆ ಕೆಳಗಿನ ಹೋಸು ತಣ್ಣಗೇ ಇದ್ದರೆ ನೀರು ಸುತ್ತುತ್ತಿಲ್ಲ ಎಂದು ತಿಳಿಯಬೇಕು. ಮುಚ್ಚಳದ ರಬ್ಬರು ಹಳತಾದರೆ ಒತ್ತಡ ನಿಲ್ಲುವುದಿಲ್ಲ. ಬಯಲಲ್ಲಿ ಚೆನ್ನಾಗಿದ್ದ ಕಾರು ಊಟಿಯ ಘಟ್ಟದಲ್ಲಿ ಉಕ್ಕುವುದಕ್ಕೆ ಇದೂ ಒಂದು ಕಾರಣ.

ಇಂಜಿನ್ನು ಸೀಟಿನ ಹಿಂದಿರುವ ಸ್ಪೋರ್ಟ್ಸ್ ಕಾರುಗಳಿಗೆ ಇನ್ನೊಂದು ಕಾಟ. ಅಲ್ಲಿ ರೇಡಿಯೇಟರು ಮೂತಿಯಲ್ಲಿ, ಇಂಜಿನ್ನು ಬೆನ್ನಲ್ಲಿ. ನಡುವೆ ಉದ್ದನೆಯ ಪೈಪು. ನೀರು ಬದಲಾಯಿಸುವಾಗ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ನೀರು ಮುಂದಕ್ಕೆ ಹೋಗುವುದಿಲ್ಲ, ಪಂಪ್‌ಸೆಟ್ಟಿನ ಪೈಪಿನಲ್ಲಿ ಗಾಳಿ ಹಿಡಿದ ಹಾಗೆ. ಮುಳ್ಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಕುಣಿಯುತ್ತದೆ. ಫ್ಯಾನು ಪಾಪ ಸುಮ್ಮನೆ ಕೂತಿರುತ್ತದೆ, ಯಾಕೆಂದರೆ ಬಿಸಿನೀರು ಅದರ ಹತ್ತಿರಕ್ಕೇ ಬಂದಿಲ್ಲ! ಗಾಳಿ ಬಿಡುವ ಸ್ಕ್ರೂಗಳನ್ನು ಕಂಪನಿ ಹೇಳಿದ ವರಸೆಯಲ್ಲಿ ಬಿಚ್ಚಿ ಗಾಳಿ ತೆಗೆಯುವುದೇ ಮದ್ದು.

ನೀರು ಎಲ್ಲೂ ಸೋರದೆ ಕಡಿಮೆಯಾಗುತ್ತಿದೆಯೇ? ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದೆಯೇ? ಆಯಿಲ್ ಹಾಕುವ ಮುಚ್ಚಳದಡಿ ಕಾಫಿ ಬಣ್ಣದ ನೊರೆ ಕಂಡಿತೇ? ಆಗ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ. ಇದು ರಸ್ತೆ ಬದಿಯ ಕೆಲಸವಲ್ಲ, ಗಾಡಿ ಎಳೆಸಿಕೊಂಡು ಹೋಗಬೇಕು.

ಬೋರ್‌ವೆಲ್ ನೀರು, ಸಿಹಿ ವಿಷ

ಸಾಮಾನು ಸಾಗಿಸುವ ಓಮ್ನಿ ಇಟ್ಟುಕೊಂಡ ಅಂಗಡಿಯವರೂ ಇಲ್ಲಿ ಗಮನಿಸಬೇಕು. ಗಡಸು ಬೋರ್‌ವೆಲ್ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವುದನ್ನು ಮನೆಯಲ್ಲಿ ನೋಡಿದ್ದೀರಿ. ರೇಡಿಯೇಟರಿನ ಸಣ್ಣ ಕೊಳವೆಯಲ್ಲೂ ಅದೇ ಕಟ್ಟುತ್ತದೆ. ಆಪತ್ತಿನಲ್ಲಿ, ಇಂಜಿನ್ನು ತಣ್ಣಗಾದ ಮೇಲೆ, ಊರು ಮುಟ್ಟುವ ಮಟ್ಟಿಗೆ ಯಾವ ಶುದ್ಧ ನೀರಾದರೂ ಸರಿ. ಆಮೇಲೆ ಅದನ್ನು ತೆಗೆದು ಡಿಸ್ಟಿಲ್ಡ್ ವಾಟರಿಗೆ ಕೂಲೆಂಟು ಬೆರೆಸಿ ಹಾಕಿಸಬೇಕು.

ತೆಗೆದ ಕೂಲೆಂಟನ್ನು ಚರಂಡಿಗೆ, ಕೆರೆ ಏರಿಗೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ನೆಕ್ಕಿದ ನಾಯಿ, ಕುಡಿದ ಕರು ಉಳಿಯುವುದು ಕಷ್ಟ. ಹಿಮಾಲಯ ದಾಟಿ ಬಂದ ಹಕ್ಕಿಗೆ ಹದಿನಾರಿನಲ್ಲಿ ಇಂಥ ಸತ್ಕಾರ ಬೇಡ.

ಕಣ ಎಲ್ಲಿದೆ?

ಕಾರು ಹೊರಟಿತು. ಹರಿದ ತಟ್ಟೆಯನ್ನು ತಂತಿಯಲ್ಲಿ ಬಿಗಿದು, ಮೈಸೂರು ಮುಟ್ಟಿದ ಮೇಲೆ ಹೊಸದು ಹಾಕಿಸಿ ಎಂದು ಹೇಳಿಯಾಯಿತು. ತಟ್ಟೆ ಅಲಂಕಾರಕ್ಕಲ್ಲ, ಗಾಳಿಯನ್ನು ರೇಡಿಯೇಟರಿನ ಕಡೆಗೇ ತಿರುಗಿಸುವ ಗೋಡೆ ಅದು. ಹೊರಡುವ ಮುಂಚೆ ಕಾರಿನವನು ಕೇಳಿಯೇಬಿಟ್ಟ: "ರಸ್ತೇಲಿ ಯಾಕಣ್ಣ ಹುರುಳಿ ಹಾಕ್ತಾರೆ?"

ಈ ಪ್ರಶ್ನೆಗೆ ಎರಡು ಮುಖವಿದೆ. ರಸ್ತೆ ಒಕ್ಕಣೆಗಲ್ಲ. ಕಾಳಿನ ಮೇಲೆ ಸ್ಕೂಟರಿನವರು ಜಾರಿ ಬೀಳುತ್ತಾರೆ, ಸೊಪ್ಪಿಗೆ ಕಿಡಿ ಬಿದ್ದರೆ ಜೀವ ಹೋಗಬಹುದು. ಪೊಲೀಸರು ಎಚ್ಚರಿಸುತ್ತಾರೆ, ಜನ ಕೇಳಿಸಿಕೊಳ್ಳುತ್ತಾರೆ, ಮಾರನೇ ದಿನ ಸೊಪ್ಪು ಅಲ್ಲೇ ಇರುತ್ತದೆ. ಆದರೆ ರೈತನನ್ನೂ ಕೇಳಬೇಕಲ್ಲ? ಆಳು ಸಿಗುವುದಿಲ್ಲ. ಎತ್ತು ಕಟ್ಟಿ ರೋಣುಗಲ್ಲು ಎಳೆಸುವ ಮನೆಗಳು ಕಡಿಮೆಯಾದವು. ಸಗಣಿ ಸಾರಿಸಿದ ಕಣ ಇದ್ದ ಜಾಗದಲ್ಲಿ ಸೈಟು ಎದ್ದಿತು. ಅರ್ಧ ಎಕರೆ ಹುರುಳಿಗೆ ಮೆಷೀನು ಕರೆಸಿದರೆ ಬಾಡಿಗೆಗೇ ಬೆಳೆ ಹೋಗುತ್ತದೆ. ಊರಿಗೊಂದು ಸಿಮೆಂಟಿನ ಕಣ ಇದ್ದರೆ ಯಾರು ತಾನೆ ತಮ್ಮ ಅನ್ನವನ್ನು ಬಸ್ಸಿನ ಚಕ್ರದಡಿ ಹಾಕುತ್ತಾರೆ?

ಅದು ಪಂಚಾಯಿತಿಯವರು ಯೋಚಿಸಬೇಕಾದ ಮಾತು. ಕಣ ಆಗುವವರೆಗೆ ರಸ್ತೆಯವರು ಮಾಡಬಹುದಾದ್ದು ಇಷ್ಟು. ಸೊಪ್ಪು ಕಂಡರೆ ಪಕ್ಕಕ್ಕೆ ತೆಗೆದು ನಿಧಾನ ಹೋಗಿ. ಅದರ ಮೇಲೆ ಗಾಡಿ ನಿಲ್ಲಿಸಬೇಡಿ. ದಾಟಿದ ಮೇಲೆ ಒಂದು ಗಳಿಗೆ ಇಳಿದು ಕಾರಿನ ಮೂತಿ, ಹೊಟ್ಟೆ ನೋಡಿ. ಮುಳ್ಳು ಏರಿದರೆ ಎ.ಸಿ. ಆರಿಸಿ. ಕೆಂಪು ಮುಟ್ಟಿದರೆ ಇಂಜಿನ್ನೂ ಆರಿಸಿ. ಅರ್ಧ ಗಂಟೆ ಮುಚ್ಚಳ ಮುಟ್ಟದೆ ಕಾಯಿರಿ.

ಆ ಅರ್ಧ ಗಂಟೆ ವ್ಯರ್ಥವೇನಲ್ಲ. ಪಕ್ಕದಲ್ಲೇ ಟೀ ಅಂಗಡಿ ಇದೆ, ಕೆರೆಯಲ್ಲಿ ಹೆಬ್ಬಾತು ಇದೆ.